ಎದೆನೋವಿಗೆಲ್ಲ ಒಂದೇ ಚುಚ್ಚುಮದ್ದಲ್ಲ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಆಸ್ಪತ್ರೆಗಳಲ್ಲಿ ಎದೆನೋವೆಂದು ಬಂದವರಿಗೆಲ್ಲ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟುಬಿಡಬೇಕೆಂಬ ಲೇಖನವೊಂದರ ವಾದ ಅಪಾಯಕಾರಿ. ಹೃದಯಾಘಾತಕ್ಕೆ ಅದು ಜೀವ ಉಳಿಸುವ ಮದ್ದು, ನಿಜ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲೂ ಇಸಿಜಿ ನೋಡಿದ ಮೇಲೆಯೇ ಅದನ್ನು ಕೊಡುತ್ತಾರೆ. ಆದರೆ ಮಹಾಪಧಮನಿಯ ಒಳಪದರ ಸೀಳಿ ಗೋಡೆಯ ಪದರಗಳ ನಡುವೆ ರಕ್ತ ನುಗ್ಗಿದಾಗ ಅದೇ ಮದ್ದು ರಕ್ತಸ್ರಾವ ಹೆಚ್ಚಿಸಿ ಕೊಲ್ಲಬಲ್ಲದು. ಅಪರೂಪದ ಕಾಯಿಲೆಗಾಗಿ ಎಲ್ಲರಿಗೂ ತಡಮಾಡಬೇಕೇ ಎಂದು ಕೇಳಬಹುದು. ಬೇಡ. ನೋವು ಒಮ್ಮೆಲೇ ಸೀಳಿದಂತೆ ಬಂತೇ, ಬೆನ್ನಿಗೆ ಹರಿಯಿತೇ ಎಂದು ವಿಚಾರಿಸಿ, ಎರಡೂ ತೋಳುಗಳ ರಕ್ತದೊತ್ತಡ ಅಳೆಯಲು ಕೆಲವೇ ನಿಮಿಷ ಸಾಕು. ಸಂಶಯ ಬಂದರೆ ಸಿ.ಟಿ. ಆಂಜಿಯೋಗ್ರಾಂ ಆಗಲೇಬೇಕು. ಮಹಾಪಧಮನಿಯ ಹೃದಯಕ್ಕೆ ಹತ್ತಿರದ ಭಾಗದಲ್ಲಾದ ಸೀಳಿಗೆ ಚಿಕಿತ್ಸೆ ಸಿಗದಿದ್ದರೆ ಮೊದಲ 48 ಗಂಟೆಗಳಲ್ಲಿ ಗಂಟೆಗೆ ಶೇ 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆಂದು ಹಿಂದಿನ ಅಧ್ಯಯನಗಳು ಅಂದಾಜಿಸಿವೆ. ಹಾಗಾಗಿ ರಕ್ತದೊತ್ತಡ, ನಾಡಿಬಡಿತ ಇಳಿಸುವ ಔಷಧ ಶುರುಮಾಡಿ, ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಬಲ್ಲ ಕೇಂದ್ರಕ್ಕೆ ಜಿಲ್ಲಾ ಕೇಂದ್ರವಾದ ಗದಗ-ಬೆಟಗೇರಿಯಿಂದ ಮೊದಲೇ ಫೋನ್ ಮಾಡಿ ರೋಗಿಯನ್ನು ಸಾಗಿಸಬೇಕು.