ದೂರದ ಬೆಟ್ಟ, ಹತ್ತಿರದ ಮೂಗು

ಮೊದಲೇ ಹೇಳಿಬಿಡ್ತೀನಿ, ನಾನು ಚರ್ಮದ ಡಾಕ್ಟರಲ್ಲ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು. ‘ಈ ಬಟನ್ ಒತ್ತಿದರೆ ದುಡ್ಡು ವಾಪಸ್ ಬರುತ್ತೆ’ ಅಂತ ಡೆವಲಪರ್ ಬರೆದಿದ್ದರೆ, ಒತ್ತಿ ನೋಡಿ, ನಿಜವಾಗಲೂ ಬಂತಾ ಅಂತ ಪರೀಕ್ಷಿಸೋದು ನನ್ನ ಹೊಟ್ಟೆಪಾಡು. ಎಂಟು ವರ್ಷದಿಂದ ಇದೇ ಕೆಲಸ ಮಾಡ್ತಿರೋ ನಾನು, 749 ರೂಪಾಯಿಯ ಒಂದು ಕ್ರೀಮನ್ನ ಒಂದು ದಿನವೂ ಟೆಸ್ಟ್ ಮಾಡದೆ ಎರಡು ವರ್ಷ ಮುಖಕ್ಕೆ ಹಚ್ಚಿಕೊಂಡೆ.

ಕ್ರೀಮಿನ ಹೆಸರು ಬೇಡ. ಅಂಥವು ಅಂಗಡಿ ತುಂಬಾ ಇವೆ. ಟ್ಯೂಬಿನ ಬಣ್ಣ ಬೇರೆ ಬೇರೆ, ಮಾತು ಒಂದೇ: ಪೋರ್ಸ್ ಸಣ್ಣದಾಗಿ ಕಾಣುವಂತೆ ಮಾಡುತ್ತದೆ.

ನಾನು ಟೆಸ್ಟಿಗೆ ಇಳಿದದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ, ತಪ್ಪು ಮಾಡಿದೆ ಅನ್ನೋ ಸಂಕಟದಿಂದ. ಚಿಕ್ಕಮ್ಮನ ಮಗಳು ಹಾಸನದಲ್ಲಿ ಒಂಬತ್ತನೇ ಕ್ಲಾಸು. ದಸರಾ ರಜೆಗೆ ಮನೆಗೆ ಬಂದಿದ್ದಳು. ಒಂದು ದಿನ ಕನ್ನಡಿಗೆ ಮೂಗು ತಾಗೋಷ್ಟು ಹತ್ತಿರ ನಿಂತು, ‘ಅಕ್ಕಾ, ನನ್ನ ಪೋರ್ಸ್ ತುಂಬಾ ದೊಡ್ಡದಾ?’ ಅಂದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ‘ಇದನ್ನ ಹಚ್ಚು, ಸರಿಹೋಗುತ್ತೆ’ ಅಂತ ನನ್ನ ಅರ್ಧ ಟ್ಯೂಬನ್ನ ಅವಳ ಬ್ಯಾಗಿಗೆ ಹಾಕಿದೆ.

ದೀಪಾವಳಿ ಹೊತ್ತಿಗೆ ಚಿಕ್ಕಮ್ಮನ ಫೋನು. ಹುಡುಗಿ ಆ ಕ್ರೀಮಿಂದ ಏನೂ ಆಗಲಿಲ್ಲ ಅಂತ ಪಾಕೆಟ್ ಮನಿ ಕೂಡಿಸಿ ಒಂದು ಆಸಿಡ್ ಸೀರಮ್ಮು, ಒಂದು ಸ್ಕ್ರಬ್ಬು ತರಿಸಿಕೊಂಡು ಮೂರನ್ನೂ ದಿನಾ ಹಚ್ಚಿದ್ದಾಳೆ. ಕೆನ್ನೆ ಕೆಂಪಗಾಗಿ ಸಿಪ್ಪೆ ಏಳ್ತಿದೆ. ಡಾಕ್ಟರು ಎಲ್ಲ ನಿಲ್ಲಿಸಿ ಅಂದರು, ಮೂರು ವಾರದಲ್ಲಿ ಕೆನ್ನೆ ಸರಿಹೋಯಿತು. ಆದರೆ ಆ ಹಬ್ಬದ ಫ್ಯಾಮಿಲಿ ಫೋಟೋದಲ್ಲಿ ಅವಳ ಮುಖವೇ ಇಲ್ಲ. ಅಂಗೈ ಅಡ್ಡ ಇಟ್ಟುಕೊಂಡಿದ್ದಾಳೆ.

‘ಸರಿಹೋಗುತ್ತೆ’ ಅಂದಿದ್ದೆನಲ್ಲ, ಏನೋ ಸರಿಯಿಲ್ಲ ಅಂತ ಹದಿನಾಲ್ಕು ವರ್ಷದ ಹುಡುಗಿಗೆ ಖಾತ್ರಿ ಮಾಡಿಕೊಟ್ಟದ್ದು ನಾನೇ.

ಸರಿ, ಈ ಪೋರ್ಸ್ ಅಂದರೇನು? ಕನ್ನಡದಲ್ಲಿ ಇದಕ್ಕೆ ರೋಮಕೂಪ ಅನ್ನೋ ಚೆಂದದ ಪದ ಇದೆ. ಕೂಪ ಅಂದರೆ ಬಾವಿ. ಕೂದಲು ಹುಟ್ಟೋ ಪುಟ್ಟ ಬಾವಿ. ಅದರ ಪಕ್ಕದ ಗ್ರಂಥಿಯಿಂದ ಎಣ್ಣೆ ಬಂದು ಆ ಬಾಯಿಂದಲೇ ಚರ್ಮದ ಮೇಲೆ ಹರಡುತ್ತೆ. ಮೂಗು ಕೆನ್ನೆಗಳಲ್ಲಿ ಗ್ರಂಥಿ ದೊಡ್ಡದು, ಹಾಗಾಗಿ ಬಾಯಿಯೂ ದೊಡ್ಡದು. ಹದಿಹರೆಯದಲ್ಲಿ ಹಾರ್ಮೋನು ಏರಿದಾಗ ಎಣ್ಣೆ ಜಾಸ್ತಿ, ಬಾವಿ ಎದ್ದು ಕಾಣುತ್ತೆ. ವಯಸ್ಸಾದಂತೆ, ಬಿಸಿಲು ತಿಂದಂತೆ, ಸುತ್ತಲಿನ ಚರ್ಮ ಬಿಗಿ ಕಳಕೊಂಡು ಆಗಲೂ ಎದ್ದು ಕಾಣುತ್ತೆ. ಉಳಿದದ್ದು ಅಪ್ಪ ಅಮ್ಮನಿಂದ ಬಂದದ್ದು.

ಆವಿ ಹಿಡಿದರೆ ಪೋರ್ಸ್ ತೆರೆಯುತ್ತೆ, ಐಸ್ ಇಟ್ಟರೆ ಮುಚ್ಚುತ್ತೆ ಅನ್ನೋದನ್ನ ಪಾರ್ಲರಿನಲ್ಲಿ ನೂರು ಸಲ ಕೇಳಿರ್ತೀರಿ. ಮೈ ಜುಂ ಅಂದಾಗ ಕೂದಲು ನಿಲ್ಲಿಸೋ ಸ್ನಾಯು ಅಲ್ಲಿದೆ, ನಿಜ. ಬಾಯಿ ಮುಚ್ಚಿ ತೆರೆಯೋ ಸ್ನಾಯು ಇಲ್ಲ. ಅದು ಬಾಗಿಲಲ್ಲ ಮಾರಾಯ್ರೆ, ಬಾವಿ.

ಈಗ ಟೆಸ್ಟು. ಹೊಸ ಟ್ಯೂಬ್ ತಂದೆ. ಎಡ ಕೆನ್ನೆಗೆ ಕ್ರೀಮು, ಬಲ ಕೆನ್ನೆಗೆ ಏನೂ ಇಲ್ಲ. 28 ದಿನ. ದಿನಾ ಬೆಳಗ್ಗೆ ಮುಖ ತೊಳೆದ ಮೇಲೆ ಅದೇ ಕಿಟಕಿ, ಅದೇ ಹೊತ್ತು, ಅದೇ ಫೋನಲ್ಲಿ ಎರಡು ಫೋಟೋ. ಕೊನೆಗೆ ನೋಡಿದರೆ ಎಡಗಡೆ ಒಂಚೂರು ನುಣುಪು ಅನ್ನಿಸಿತು. ಹಾಗಾದರೆ ಕ್ರೀಮು ಪಾಸಾ?

ಅಲ್ಲ. ನನ್ನ ಟೆಸ್ಟೇ ತಪ್ಪು. ಯಾವ ಮಾಯಿಶ್ಚರೈಸರ್ ಹಚ್ಚಿದರೂ ಚರ್ಮ ನೀರು ಹಿಡಿದು ಒಂಚೂರು ಉಬ್ಬಿ ನುಣುಪಾಗುತ್ತೆ. ಹೋಲಿಸಬೇಕಾದ್ದು ‘ಏನೂ ಇಲ್ಲ’ದ ಜೊತೆಗಲ್ಲ, ಸಾದಾ ಮಾಯಿಶ್ಚರೈಸರ್ ಜೊತೆಗೆ. ಮತ್ತೆ 28 ದಿನ. ಈ ಸಲ ಬಲ ಕೆನ್ನೆಗೆ ಅಮ್ಮ ಬಳಸೋ 95 ರೂಪಾಯಿಯ ಕ್ರೀಮು. ಕೊನೆಯ ದಿನದ ಫೋಟೋಗಳನ್ನ, ಯಾವುದು ಯಾವುದು ಅಂತ ಹೇಳದೆ, ಊಟದ ಟೇಬಲ್ಲಿನಲ್ಲಿ ಆರು ಜನ ಸಹೋದ್ಯೋಗಿಗಳ ಮುಂದಿಟ್ಟೆ. ಇಬ್ಬರು ಎಡ ಅಂದರು, ಇಬ್ಬರು ಬಲ ಅಂದರು. ಒಬ್ಬ ‘ಎರಡೂ ಒಂದೇ ಫೋಟೋ ಅಲ್ವಾ’ ಅಂದ. ಆರನೆಯವಳು ಫೋಟೋ ನೋಡೋದು ಬಿಟ್ಟು ನನ್ನ ಮುಖ ನೋಡಿ ಕೇಳಿದಳು, ‘ನಿಂಗೆ ಪೋರ್ಸ್ ಪ್ರಾಬ್ಲಮ್ ಇದೆಯಾ? ಇಷ್ಟು ದಿನ ಎದುರಿಗೇ ಕೂತು ಊಟ ಮಾಡಿದೀನಿ, ಗೊತ್ತೇ ಇಲ್ವಲ್ಲೇ!’

ಒಂದೇ ಮುಖ, ಆರೇ ಜನ. ಇದು ಸಂಶೋಧನೆಯಲ್ಲ ಅಂತ ನಂಗೂ ಗೊತ್ತು. ಆದರೆ ಕ್ರೀಮು ಏನೂ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಹಚ್ಚಿದ ಐದು ನಿಮಿಷಕ್ಕೆ ಮೂಗು ನಿಜಕ್ಕೂ ನುಣ್ಣಗೆ ಕಾಣುತ್ತೆ. ಯಾಕಂದ್ರೆ ಪಟ್ಟಿಯಲ್ಲಿ ನೀರಿನ ನಂತರದ ಹೆಸರೇ ಡೈಮೆಥಿಕೋನ್, ಅಂದರೆ ಸಿಲಿಕೋನ್. ಗೋಡೆಗೆ ಪುಟ್ಟಿ ಹಚ್ಚಿದ ಹಾಗೆ ಅದು ತಗ್ಗು ತುಂಬುತ್ತೆ. ಜೊತೆಗಿರೋ ಸಿಲಿಕಾ ಪುಡಿ ಬೆಳಕು ಚದುರಿಸುತ್ತೆ. ರಾತ್ರಿ ಮುಖ ತೊಳೆದರೆ ಪುಟ್ಟಿಯೂ ಹೋಯಿತು, ಬೆಳಕೂ ಹೋಯಿತು. ಇದಕ್ಕೆ ಮೇಕಪ್ ಅಂತಾರೆ.

ಮೇಕಪ್ ಬಗ್ಗೆ ನನ್ನ ತಕರಾರಿಲ್ಲ. ಕಾಡಿಗೆ ನಿನ್ನ ಕಣ್ಣಲ್ಲಿ ದೋಷ ಇದೆ ಅಂತ ಯಾವತ್ತೂ ಹೇಳಿಲ್ಲ. ಲಿಪ್‌ಸ್ಟಿಕ್ ಬಿಳಿ ಕೋಟು ಹಾಕ್ಕೊಂಡು ಬಂದು ತುಟಿಯ ಕಾಯಿಲೆ ವಾಸಿ ಮಾಡ್ತೀನಿ ಅನ್ನಲ್ಲ. ಈ ಕ್ರೀಮು ಮಾಡೋದು ಮೇಕಪ್ಪಿನ ಕೆಲಸ, ಹಾಕ್ಕೊಳ್ಳೋದು ಔಷಧಿಯ ವೇಷ. ನನ್ನ ಜಗಳ ಅದರ ಜೊತೆ.

‘ಕಾಣುವಂತೆ’ ಅನ್ನೋ ಪದ ಕಂಪನಿಯವರು ವಿನಯಕ್ಕೆ ಹಾಕಿದ್ದಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕ ಅಂದರೆ ಮೈಯನ್ನ ಶುಚಿ ಮಾಡೋಕೆ, ಅಂದ ಹೆಚ್ಚಿಸೋಕೆ, ತೋರಿಕೆ ಬದಲಿಸೋಕೆ ಹಚ್ಚೋ ವಸ್ತು. ಮೈಯ ರಚನೆಯನ್ನೇ ಬದಲಿಸ್ತೀನಿ ಅಂದರೆ ಅದು ಔಷಧಿಯ ಮಾತಾಗುತ್ತೆ, ಔಷಧಿಯ ಲೈಸೆನ್ಸು, ಔಷಧಿಯ ಪುರಾವೆ ಕೇಳ್ತಾರೆ. ಹಾಗಾಗಿ ದೊಡ್ಡ ಅಕ್ಷರದಲ್ಲಿ ‘ಪೋರ್ಸ್’, ಸಣ್ಣ ಅಕ್ಷರದಲ್ಲಿ ‘ಕಾಣುವಂತೆ’. ನಾವು ಓದೋದು ಮೊದಲನೆಯದನ್ನ, ಕಂಪನಿಯನ್ನ ಕಾಪಾಡೋದು ಎರಡನೆಯದು.

ಟೆಸ್ಟರ್ ಆಗಿ ಹೇಳ್ತೀನಿ ಕೇಳಿ. ಫೇಲ್ ಆಗೋಕೆ ಸಾಧ್ಯವೇ ಇಲ್ಲದ ಟೆಸ್ಟು ಟೆಸ್ಟೇ ಅಲ್ಲ. ‘ಸಣ್ಣದಾಗಿ ಕಾಣುತ್ತೆ’ ಅಂದರೆ ಯಾರಿಗೆ? ಎಷ್ಟು ದೂರದಿಂದ? ಎಷ್ಟು ಹೊತ್ತು? ಯಾವುದಕ್ಕೆ ಹೋಲಿಸಿದರೆ? ಒಂದೂ ಬರೆದಿಲ್ಲ. ಕ್ರೀಮು ಫೇಲ್ ಆಗೋಕೆ ಜಾಗವೇ ಇಲ್ಲ. ಆಗ ಫೇಲ್ ಆಗೋದು ಮುಖ. ‘ಎಲ್ಲರಿಗೂ ಕೆಲಸ ಮಾಡುತ್ತೆ, ನಂಗೇ ಮಾಡ್ಲಿಲ್ಲ’ ಅಂದುಕೊಂಡು ಹುಡುಗಿ ಮುಂದಿನ ಬಾಟಲಿಗೆ ಕೈ ಹಾಕ್ತಾಳೆ. ಹಾಸನದಲ್ಲಿ ಆದದ್ದು ಇದೇ.

‘ಡರ್ಮಟಾಲಜಿಕಲಿ ಟೆಸ್ಟೆಡ್’ ಅನ್ನೋ ಮುದ್ರೆ ನೋಡಿ. ಬಹಳ ಸಲ ಅದರ ಅರ್ಥ ಚರ್ಮದ ಮೇಲೆ ಹಚ್ಚಿ, ಉರಿ ತುರಿಕೆ ಬಂತಾ ನೋಡಿದ್ದೇವೆ ಅಂತಷ್ಟೇ. ಪೋರ್ಸ್ ಸಣ್ಣದಾಯಿತಾ ಅಂತ ನೋಡಿದ್ದೇವೆ ಅಂತಲ್ಲ. ಪರೀಕ್ಷೆ ಬರೆದಿದೀನಿ ಅಂದರೆ ಪಾಸಾಗಿದೀನಿ ಅಂತ ಅರ್ಥವಾ? ನಮ್ಮ ಎಸ್ಸೆಸ್ಸೆಲ್ಸಿ ಕಾಲದಲ್ಲಿ ಈ ಮಾತು ಮನೇಲಿ ನಡೀತಿತ್ತಾ?

ಆಮೇಲೆ ‘ಇಷ್ಟು ಶೇಕಡಾ ಮಹಿಳೆಯರು ಒಪ್ಪಿದರು’ ಅನ್ನೋ ಸಾಲು, ಅದರ ತಲೆ ಮೇಲೆ ಒಂದು ನಕ್ಷತ್ರ. ನಕ್ಷತ್ರ ಹಿಡಿದು ಕೆಳಗೆ ಹೋದರೆ ಸಾಮಾನ್ಯವಾಗಿ ಸಿಗೋದು ಬಳಕೆದಾರರ ಅಭಿಪ್ರಾಯ ಸಮೀಕ್ಷೆ. ಅಳತೆಯಲ್ಲ, ಅಭಿಪ್ರಾಯ. ನಿಜವಾದ ಅಳತೆಗೆ ದಾರಿ ಇಲ್ಲ ಅಂತಲ್ಲ. ಮುಖದ ಒಂದು ಬದಿಗೆ ಕ್ರೀಮು, ಇನ್ನೊಂದು ಬದಿಗೆ ಮುಖ್ಯ ಅಂಶ ಇಲ್ಲದ ಅದೇ ಕ್ರೀಮು ಹಚ್ಚಿ, ಯಾವುದು ಯಾವುದು ಅಂತ ಗೊತ್ತಿಲ್ಲದವರಿಂದ ಫೋಟೋಗೆ ಅಂಕ ಕೊಡಿಸಬಹುದು. ರೋಮಕೂಪ ಎಣಿಸೋ ಕ್ಯಾಮೆರಾಗಳೂ ಇವೆ. ಹಾಗೆ ಮಾಡಿದವರು ಹಾಗೆಂದು ಬರೆಯಲಿ. ಬರೆಯದವರನ್ನ ನಾನ್ಯಾಕೆ ನಂಬಲಿ?

ಕೆಲಸ ಮಾಡೋ ಪದಾರ್ಥಗಳೂ ಇವೆ, ಅದನ್ನೂ ಹೇಳಬೇಕು. ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುತ್ತೆ, ಹಾಗಾಗಿ ಬಾವಿಯೊಳಗೆ ಇಳಿದು ಕಟ್ಟಿದ್ದನ್ನ ಬಿಡಿಸುತ್ತೆ. ನಯಾಸಿನಮೈಡ್ ಎಣ್ಣೆಯನ್ನ ಒಂದಿಷ್ಟು ತಗ್ಗಿಸಬಹುದು ಅನ್ನೋಕೆ ಪ್ರಕಟವಾದ ಅಧ್ಯಯನಗಳಿವೆ. ರೆಟಿನಾಯ್ಡ್‌ಗಳನ್ನ ಚರ್ಮವೈದ್ಯರು ಬರೆದುಕೊಡ್ತಾರೆ. ಅದನ್ನ ಅವರನ್ನ ಕೇಳಿಯೇ ಹಚ್ಚಬೇಕು, ಗರ್ಭಿಣಿಯರಿಗಂತೂ ಬೇಡ. ಇವು ಸ್ವಲ್ಪ, ನಿಧಾನ, ಹಚ್ಚುತ್ತಿರೋ ತನಕ. ಆದರೆ ಟ್ಯೂಬಿನ ಮುಂದೆ ದೊಡ್ಡದಾಗಿ ನಯಾಸಿನಮೈಡ್ ಅಂತ ಬರೆದ ಮಾತ್ರಕ್ಕೆ ಒಳಗೆ ಅಷ್ಟು ಇದೆ ಅಂತಲ್ಲ. ಒಂದು ಉಪಾಯ ಹೇಳ್ತೀನಿ. ಪದಾರ್ಥಗಳ ಪಟ್ಟಿಯಲ್ಲಿ 1%ಗಿಂತ ಹೆಚ್ಚಿರೋದನ್ನ ಪ್ರಮಾಣದ ಇಳಿಕೆ ಕ್ರಮದಲ್ಲೇ ಬರೀಬೇಕು. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಹುಡುಕಿ. ಅದು ಕೆಡದ ಹಾಗೆ ಕಾಯೋ ಪದಾರ್ಥ, ಯುರೋಪಿನ ಕಾನೂನಿನಲ್ಲಿ ಅದರ ಮಿತಿ 1%. ಆ ಮಿತಿ ಪಾಲಿಸಿದ್ದರೆ, ಅದರ ನಂತರ ಬರೋ ಎಲ್ಲವೂ 1% ಅಥವಾ ಅದಕ್ಕೂ ಕಡಿಮೆ. ನನ್ನ ಟ್ಯೂಬಿನ ನಯಾಸಿನಮೈಡ್ ಎಲ್ಲಿತ್ತು ಗೊತ್ತಾ? ಅದರ ನಂತರ, ಪರಿಮಳದ ಪಕ್ಕದಲ್ಲಿ.

‘ಬಿಡೇ, ನನ್ನ ದುಡ್ಡು, ನನ್ನ ಮುಖ, ನಿಂಗೇನು?’ ಅಂತ ಗೆಳತಿಯೊಬ್ಬಳು ರೇಗಿದಳು. ಅವಳ ಮಾತಲ್ಲಿ ನ್ಯಾಯ ಇದೆ. ತಿಂಗಳು ಪೂರ್ತಿ ದುಡಿದು, ರಾತ್ರಿ ಹತ್ತು ನಿಮಿಷ ಕನ್ನಡಿ ಮುಂದೆ ಕೂತು ಏನೋ ಹಚ್ಚಿಕೊಳ್ಳೋ ಸುಖವನ್ನ ಕಿತ್ತುಕೊಳ್ಳೋಕೆ ನಾನ್ಯಾರು? ಆದರೆ ಆ ಆಸೆ ಎಲ್ಲಿಂದ ಬಂತು ಅಂತ ಕೇಳೋ ಹಕ್ಕು ನಂಗಿದೆ. 2020ರಲ್ಲಿ ಮನೇಲಿ ಕೂತು ದಿನಕ್ಕೆ ನಾಲ್ಕು ಮೀಟಿಂಗಿನಲ್ಲಿ ನಮ್ಮ ಮುಖವನ್ನೇ ನಾವು ನೋಡೋಕೆ ಶುರು ಮಾಡೋ ಮೊದಲು, ನಮ್ಮಲ್ಲೆಷ್ಟು ಜನ ರೋಮಕೂಪದ ಬಗ್ಗೆ ಯೋಚಿಸಿದ್ವಿ? ಅದೇ ವರ್ಷ ಫೇರ್ ಆಂಡ್ ಲವ್ಲಿ ತನ್ನ ಹೆಸರಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. 1975ರಿಂದ ನಮ್ಮ ಅಮ್ಮಂದಿರಿಗೆ ಬಣ್ಣದ ಕೊರತೆ ಮಾರಿದರು, ಈಗ ನಮಗೆ ತೂತಿನ ಕೊರತೆ. ಬಣ್ಣವಾದರೂ ಕೆಲವರಿಗೆ ಕಮ್ಮಿ ಜಾಸ್ತಿ. ರೋಮಕೂಪ ಎಲ್ಲರಿಗೂ ಇದೆ, ಗಂಡಸರಿಗೂ ಇದೆ. ಇದಕ್ಕಿಂತ ದೊಡ್ಡ ಮಾರ್ಕೆಟ್ ಬೇಕಾ?

ಜಾಹೀರಾತಿನ ಮುಖವೂ ನಿಜದ್ದಲ್ಲ. 2011ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಜೂಲಿಯಾ ರಾಬರ್ಟ್ಸ್, ಕ್ರಿಸ್ಟಿ ಟರ್ಲಿಂಗ್ಟನ್ ಇದ್ದ ಎರಡು ಫೌಂಡೇಶನ್ ಜಾಹೀರಾತುಗಳನ್ನ ನಿಲ್ಲಿಸಿತು. ತಿದ್ದಿದ ಚಿತ್ರ ಉತ್ಪನ್ನದ ಪರಿಣಾಮವನ್ನ ಉತ್ಪ್ರೇಕ್ಷಿಸಿಲ್ಲ ಅಂತ ಸಾಬೀತು ಮಾಡೋಕೆ ಕಂಪನಿಗೆ ಆಗಲಿಲ್ಲ. ನಾರ್ವೆಯಲ್ಲಿ 2022ರಿಂದ ಮೈಮುಖ ತಿದ್ದಿದ ಜಾಹೀರಾತು ಚಿತ್ರಕ್ಕೆ ‘ತಿದ್ದಿದ್ದು’ ಅಂತ ಗುರುತು ಹಾಕಲೇಬೇಕು.

ನಮ್ಮಲ್ಲಿ? ನಮ್ಮಲ್ಲೂ ನಿಯಮ ಇದೆ ಸ್ವಾಮಿ, ಕೇಳೋರಿಲ್ಲ ಅಷ್ಟೆ. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಪ್ರಕಾರ, ಜಾಹೀರಾತಿನ ಷರತ್ತು ಮುಖ್ಯ ಮಾತಿನ ಭಾಷೆಯಲ್ಲೇ ಇರಬೇಕು, ಅದನ್ನ ಸುಳ್ಳು ಮಾಡೋ ಹಾಗಿರಬಾರದು. ಇವತ್ತು ರಾತ್ರಿ ಟಿವಿ ನೋಡಿ. ಕನ್ನಡದಲ್ಲಿ ಜೇನು ಸುರಿಸೋ ದನಿ, ಕೆಳಗೆ ಇರುವೆ ಸಾಲಿನ ಹಾಗೆ ಇಂಗ್ಲಿಷ್ ಅಕ್ಷರ ಕಂಡರೆ, ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕಾಲ್ ಮಾಡಿ. ಆಫೀಸಲ್ಲಿ ಒಂದು ಬಗ್ ಕಂಡರೆ ಟಿಕೆಟ್ ಹಾಕದೆ ಬಿಡ್ತೀವಾ? ಇಲ್ಲೂ ಹಾಕೋಣ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ಇಲ್ಲಿ ಹುಣ್ಣೇ ಇಲ್ಲ, ಬರೀ ಕನ್ನಡಿ ಇದೆ, ಅದೂ ಮೂಗಿಗೆ ತಾಗಿಕೊಂಡು. ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೆಯನ್ನ ಎಚ್ಚರಿಕೆ ಅಂತಲೇ ಕೇಳಿಕೊಂಡು ಬಂದಿದೀವಿ. ಮುಖದ ವಿಷಯದಲ್ಲಿ ಅದು ಬರೀ ಸತ್ಯ. ಮುಖ ಇರೋದು ಒಂದು ಊಟದ ಟೇಬಲ್ಲಿನ ದೂರದಿಂದ ನೋಡೋಕೆ.

ಕಳೆದ ತಿಂಗಳು ಹಾಸನಕ್ಕೆ ಹೋಗಿದ್ದೆ. ಎರಡೂ ಕೆನ್ನೆಯ ಫೋಟೋಗಳನ್ನ ಅವಳಿಗೂ ತೋರಿಸಿ ಯಾವುದು ಕ್ರೀಮು ಹೇಳು ಅಂದೆ. ತುಂಬಾ ಹೊತ್ತು ನೋಡಿ ತಪ್ಪು ಹೇಳಿದಳು. ‘ನಾನು ಅವತ್ತು ಸರಿಹೋಗುತ್ತೆ ಅಂದೆನಲ್ಲ, ಅದು ತಪ್ಪು. ಸರಿಹೋಗೋಕೆ ಅಲ್ಲಿ ಏನೂ ಕೆಟ್ಟಿರಲಿಲ್ಲ’ ಅಂದೆ. ಅವಳು ಏನೂ ಹೇಳಲಿಲ್ಲ. ಹೊರಡುವಾಗ ಸೆಲ್ಫಿ ತೆಗೆದ್ವಿ. ಫಿಲ್ಟರ್ ಹಾಕೋಕೆ ಬೆರಳು ಹೋಯಿತು, ಹಾಕಿದಳು, ಆಮೇಲೆ ತೆಗೆದಳು. ಪೂರ್ತಿ ನಂಬಿದ್ದಾಳೆ ಅಂತ ನಂಗೆ ಅನ್ನಿಸಲ್ಲ. ಆದರೆ ಕೈ ಅಡ್ಡ ಇಡಲಿಲ್ಲ.