ಎಫಾ ಮ್ಯಾನ್ಲಿ ಕೇಳಿದ ಬೆಲೆ

1947ರ ಜುಲೈ ಹೊತ್ತಿಗೆ ಅಮೆರಿಕದ ನೆವಾರ್ಕ್ ಊರಿನ ಬೇಸ್‌ಬಾಲ್ ತಂಡವೊಂದರ ಒಡತಿ ಎಫಾ ಮ್ಯಾನ್ಲಿ ಅವರಿಗೆ ಫೋನ್ ಬಂತು. ಮಾತಾಡುತ್ತಿದ್ದವರು ಕ್ಲೀವ್‌ಲ್ಯಾಂಡ್ ತಂಡದ ಬಿಲ್ ವೀಕ್. ನಿಮ್ಮ ಲ್ಯಾರಿ ಡೋಬಿ ನಮಗೆ ಬೇಕು, 10,000 ಡಾಲರ್ ಕೊಡುತ್ತೇನೆ ಎಂದರು. ಈ ಹುಡುಗ ಬಿಳಿಯನಾಗಿದ್ದರೆ ಇದರ ಹತ್ತು ಪಟ್ಟು ಕೊಡುತ್ತಿದ್ದಿರಲ್ಲವೇ ಎಂದು ಎಫಾ ನೇರವಾಗಿ ಕೇಳಿಬಿಟ್ಟರು. ಆದರೂ ಹುಡುಗನ ದಾರಿಗೆ ಅಡ್ಡ ನಿಲ್ಲಲಿಲ್ಲ. ಅವನು ಕ್ಲೀವ್‌ಲ್ಯಾಂಡ್ ತಂಡದಲ್ಲಿ ಉಳಿದರೆ ಇನ್ನೂ 5,000 ಎಂದು ಮಾತಾಯಿತು. ಜುಲೈ 5ರಂದು ಡೋಬಿ ಅದುವರೆಗೆ ಬಿಳಿಯರದ್ದೇ ಆಗಿದ್ದ ಅಮೆರಿಕನ್ ಲೀಗಿನಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾದರು.

ಆಟದ ಬಗ್ಗೆ ಬರೆಯುವಾಗ ನಾವು ಮೈದಾನದಲ್ಲಿ ಇರುವವರನ್ನೇ ನೋಡುತ್ತೇವೆ. ತಿಂಗಳ ಬಟವಾಡೆ ಮಾಡುವವರು, ಕರಾರು ಬರೆಸುವವರು, ಊರೂರಿನ ಪಂದ್ಯ ಗೊತ್ತುಮಾಡುವವರು ಕಣ್ಣಿಗೆ ಬೀಳುವುದಿಲ್ಲ. ನೆವಾರ್ಕ್ ಈಗಲ್ಸ್ ತಂಡದಲ್ಲಿ ಆ ಕೆಲಸವೆಲ್ಲ ಎಫಾ ಅವರದ್ದು. ಬಂಡವಾಳ ಪತಿ ಏಬ್ ಅವರದು, ಪ್ರತಿಭೆ ಗುರುತಿಸುವ ಕಣ್ಣೂ ಅವರದೇ. ಜಮಾಖರ್ಚು ಹೆಂಡತಿಯ ಕೈಯಲ್ಲಿ. ಬಿಳಿಯರ ಲೀಗುಗಳು ಕಪ್ಪು ಜನರನ್ನು ಹೊರಗಿಟ್ಟಿದ್ದ ಕಾಲ ಅದು. ಹೋಟೆಲುಗಳು ಕೋಣೆ ಕೊಡುತ್ತಿರಲಿಲ್ಲ. ಎಷ್ಟೋ ರಾತ್ರಿ ಆಟಗಾರರ ಊಟ, ನಿದ್ದೆ ಎರಡೂ ಬಸ್ಸಿನಲ್ಲೇ. ಆಡುತ್ತಿದ್ದ ರೂಪರ್ಟ್ ಕ್ರೀಡಾಂಗಣವೂ ಬಾಡಿಗೆಯದು. ಅಲ್ಲಿನ ಬಿಳಿಯರ ತಂಡ ಪರಊರಿಗೆ ಹೋದಾಗ ಇವರಿಗೆ ಸರದಿ.

ಎಫಾ ಅವರಿಗೆ ಲೆಕ್ಕವೂ ಹೋರಾಟವೂ ಬೇರೆ ಬೇರೆಯಾಗಿರಲಿಲ್ಲ. 1934ರಲ್ಲಿ, ತಂಡ ಕಟ್ಟುವ ಮೊದಲೇ, ಹಾರ್ಲೆಮ್‌ನ ದೊಡ್ಡ ಅಂಗಡಿಯೊಂದರ ಮುಂದಿನ ಬಹಿಷ್ಕಾರದಲ್ಲಿ ಮುಂದಾಳಾಗಿದ್ದರು. ಕಪ್ಪು ಗಿರಾಕಿಗಳ ದುಡ್ಡು ಬೇಕು, ಕಪ್ಪು ಹುಡುಗಿಯರು ಕೌಂಟರಿನಲ್ಲಿ ಬೇಡ ಎನ್ನುತ್ತಿದ್ದ ಆ ಅಂಗಡಿ ಕೆಲವೇ ವಾರಗಳಲ್ಲಿ ಮಣಿಯಿತು. ಮುಂದೆ 1939ರಲ್ಲಿ ತಮ್ಮ ಕ್ರೀಡಾಂಗಣದಲ್ಲೇ ಗುಂಪುಹತ್ಯೆ ವಿರೋಧಿ ದಿನ ನಡೆಸಿದರು. ಪ್ರೇಕ್ಷಕರಿಗೆ ಜಾಗ ತೋರಿಸುವ ಹುಡುಗಿಯರ ಎದೆಯ ಮೇಲಿನ ಪಟ್ಟಿಯಲ್ಲಿ ಹತ್ಯೆ ನಿಲ್ಲಿಸಿ ಎಂಬ ಬರಹ. ಆಟ ನೋಡಲು ಬಂದವರು ಅದನ್ನು ಓದದೆ ಕೂರುವಂತಿರಲಿಲ್ಲ.

1946ರಲ್ಲಿ ಈಗಲ್ಸ್ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡವನ್ನು ಏಳು ಪಂದ್ಯಗಳ ಹಣಾಹಣಿಯಲ್ಲಿ ಸೋಲಿಸಿ, ನೀಗ್ರೋ ಲೀಗ್ ಎನಿಸಿಕೊಂಡಿದ್ದ ಕಪ್ಪು ತಂಡಗಳ ಲೀಗುಗಳ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಮರುವರ್ಷವೇ ಕಾಲ ತಿರುಗಿತು. ಮೊನಾರ್ಕ್ಸ್‌ನಲ್ಲಿದ್ದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬಿಳಿಯರ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಿದ ಕಥೆ ಜಗತ್ತಿಗೇ ಗೊತ್ತು. ಅವರನ್ನು ಕರೆದೊಯ್ದ ಡಾಡ್ಜರ್ಸ್‌ನ ಬ್ರಾಂಚ್ ರಿಕಿ, ಮೊನಾರ್ಕ್ಸ್ ತಂಡಕ್ಕೆ ಒಂದು ಕಾಸೂ ಕೊಡಲಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಎಫಾ ತಂಡದ ಡಾನ್ ನ್ಯೂಕಂಬ್ ಕೂಡ ಹಾಗೆಯೇ ಹೋದರು. ನೀಗ್ರೋ ಲೀಗಿನಲ್ಲಿ ಸರಿಯಾದ ಕರಾರುಗಳೇ ಇಲ್ಲ ಎಂಬುದು ರಿಕಿಯವರ ವಾದ. ತಮ್ಮ ಇನ್ನೊಬ್ಬ ಆಟಗಾರ ಮಾಂಟಿ ಅರ್ವಿನ್ ಸರದಿ ಬಂದಾಗ ಎಫಾ ಪಟ್ಟು ಹಿಡಿದರು. ಡಾಡ್ಜರ್ಸ್ ಹಿಂದೆ ಸರಿಯಿತು, ನ್ಯೂಯಾರ್ಕ್ ಜೈಂಟ್ಸ್ 5,000 ಡಾಲರ್ ತೆತ್ತು ಅವರನ್ನು ಪಡೆಯಿತು.

ಹಣಕ್ಕಾಗಿ ಗದ್ದಲ ಮಾಡುತ್ತಾರೆ ಎಂದು ಅವರನ್ನು ಆಗ ದೂರಿದವರಿದ್ದರು. ಆ ದೂರನ್ನು ನಾನು ಒಪ್ಪಲಾರೆ. ಬಾಗಿಲು ತೆರೆದದ್ದು ನಿಜ, ಅದು ದೊಡ್ಡದೇ. ಆದರೆ ಅಷ್ಟು ವರ್ಷ ಆ ಆಟಗಾರರಿಗೆ ಅನ್ನ ಹಾಕಿ, ಸಂಬಳ ಕೊಟ್ಟು ಬೆಳೆಸಿದ ಮನೆಗೆ ಬೆಲೆಯೇ ಇಲ್ಲ ಎಂದದ್ದೂ ಅದೇ ಹಳೆಯ ತಾತ್ಸಾರ. ಪ್ರೇಕ್ಷಕರು ರಾಬಿನ್ಸನ್ ಹಿಂದೆ ಹೋದರು, ರೂಪರ್ಟ್ ಕ್ರೀಡಾಂಗಣದ ಬೆಂಚುಗಳು ಬರಿದಾದವು. 1948ರ ಕೊನೆಗೆ ಮ್ಯಾನ್ಲಿ ದಂಪತಿ ತಂಡ ಮಾರಿದರು.

ಆಮೇಲೆ ಎಫಾ ಪತ್ರ ಬರೆಯುತ್ತಾ ಹೋದರು. ನಮ್ಮ ಆಟಗಾರರಿಗೆ ಕೂಪರ್ಸ್‌ಟೌನಿನ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ ಜಾಗ ಕೊಡಿ ಎಂದು ಇಳಿವಯಸ್ಸಿನಲ್ಲೂ ಒತ್ತಾಯಿಸಿದರು. 1973ರಲ್ಲಿ ಅರ್ವಿನ್ ಒಳಗೆ ಹೋದದ್ದನ್ನು ಕಂಡರು. 1998ರಲ್ಲಿ ಡೋಬಿ ಹೋಗುವಾಗ ಅವರಿರಲಿಲ್ಲ, 1981ರಲ್ಲೇ ತೀರಿಕೊಂಡಿದ್ದರು. 2006ರಲ್ಲಿ ಅವರ ಹೆಸರೂ ಅಲ್ಲಿ ಸೇರಿತು. ಆ ಗೋಡೆಯ ಮೇಲೆ ಇವತ್ತಿಗೂ ಇರುವುದು ಅದೊಂದೇ ಹೆಂಗಸಿನ ಹೆಸರು.