ಪಾಲಿದ್ದವರ ನಾಡು

ಸ್ವಿಟ್ಜರ್ಲೆಂಡ್ ಪ್ರವಾಸದ ಕರಪತ್ರಗಳಲ್ಲಿ ಕೆಲವೊಮ್ಮೆ ಒಂದು ದೇಶವನ್ನು ಕೊಸರಾಗಿ ಕೊಟ್ಟಿರುತ್ತಾರೆ. ಅದರ ಹೆಸರು ಲಿಕ್ಟೆನ್‌ಸ್ಟೈನ್. ಬಸ್ಸು ರಾಜಧಾನಿ ವಾಡುಜ್‌ನಲ್ಲಿ ಒಂದು ಗಂಟೆ ನಿಲ್ಲುತ್ತದೆ. ಪ್ರವಾಸಿ ಕಚೇರಿಯಲ್ಲಿ ಒಂದಿಷ್ಟು ಫ್ರಾಂಕ್ ಕೊಟ್ಟರೆ ಪಾಸ್‌ಪೋರ್ಟಿನ ಮೇಲೆ ನೆನಪಿಗೊಂದು ಮುದ್ರೆ ಒತ್ತಿಕೊಡುತ್ತಾರೆ. ಗುಡ್ಡದ ಮೇಲಿನ ಅರಮನೆಯನ್ನು ಕೆಳಗಿನಿಂದಲೇ ಫೋಟೊ ಹೊಡೆದು, ಚಾಕೊಲೇಟ್ ಕಟ್ಟಿಸಿಕೊಂಡು ಹತ್ತಿದರೆ ಒಂದು ದೇಶ ಲೆಕ್ಕಕ್ಕೆ ಸೇರಿತು.

ದೇಶ ಪುಟ್ಟದು ಎನ್ನುವುದರಲ್ಲಿ ಅನುಮಾನವಿಲ್ಲ. ಒಟ್ಟು ವಿಸ್ತೀರ್ಣ 160 ಚದರ ಕಿಲೋಮೀಟರ್, ಬೆಂಗಳೂರು ನಗರದ ಕಾಲು ಭಾಗವೂ ಆಗುವುದಿಲ್ಲ. ಜನಸಂಖ್ಯೆ 40 ಸಾವಿರದ ಆಸುಪಾಸು. ಪಶ್ಚಿಮಕ್ಕೆ ರೈನ್ ನದಿ, ಅದರಾಚೆ ಸ್ವಿಟ್ಜರ್ಲೆಂಡ್. ಪೂರ್ವಕ್ಕೆ ಬೆಟ್ಟಸಾಲು, ಅದರಾಚೆ ಆಸ್ಟ್ರಿಯಾ. ವಿಮಾನ ನಿಲ್ದಾಣವಿಲ್ಲ. ಸೈನ್ಯವನ್ನು 1868ರಲ್ಲೇ ಮನೆಗೆ ಕಳಿಸಿದರು. ಕೈಯಲ್ಲಿ ಓಡಾಡುವ ದುಡ್ಡು ಸ್ವಿಸ್ ಫ್ರಾಂಕ್. 2007ರ ಒಂದು ರಾತ್ರಿ ಕವಾಯತಿಗೆ ಹೊರಟ ಸುಮಾರು 170 ಸ್ವಿಸ್ ಸೈನಿಕರು ಕತ್ತಲಲ್ಲಿ ದಾರಿ ತಪ್ಪಿ ಈ ದೇಶದೊಳಕ್ಕೆ ಒಂದೆರಡು ಕಿಲೋಮೀಟರ್ ನಡೆದುಬಂದಿದ್ದರು. ಗೊತ್ತಾದ ಮೇಲೆ ಹಿಂತಿರುಗಿದರು. ಇಲ್ಲಿಯವರಿಗೆ ಸುದ್ದಿ ತಿಳಿದದ್ದು ಆಮೇಲೆ, ಸ್ವಿಸ್ಸರೇ ಹೇಳಿದಾಗ.

ಇಷ್ಟು ಸಣ್ಣ ನಾಡಿನವರು ರಜಾದಿನ ತಿರುಗಾಡಲು ಎಲ್ಲಿಗೆ ಹೋಗುತ್ತಾರೆ? ಅದನ್ನು ಕೇಳುವ ಮುನ್ನ ‘ಇಲ್ಲಿಯವರು’ ಯಾರೆಂದು ಕೇಳಬೇಕಾಗುತ್ತದೆ, ಏಕೆಂದರೆ ಅದು ಅಲ್ಲಿ ಸುಲಭದ ಪ್ರಶ್ನೆಯಲ್ಲ. ನಮ್ಮ ಕಟ್ಟಡ ಕೆಲಸಗಾರರ ಕೈಯಲ್ಲೂ ಕಾಣುವ ಕೆಂಪು ಹಿಲ್ಟಿ ಯಂತ್ರದ ಕಂಪನಿ ಹುಟ್ಟಿದ್ದು, ಇವತ್ತಿಗೂ ಇರುವುದು ಶಾನ್ ಎಂಬ ಇಲ್ಲಿನ ಊರಿನಲ್ಲಿ. ಅಂಥ ಕಾರ್ಖಾನೆ, ಬ್ಯಾಂಕುಗಳಲ್ಲಿ ದುಡಿಯುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಬೆಳಗ್ಗೆ ಗಡಿ ದಾಟಿ ಬಂದು ಸಂಜೆ ಗಡಿ ದಾಟಿ ಹೋಗುತ್ತಾರೆ. ಇಲ್ಲೇ ಮನೆ ಮಾಡಿದವರಲ್ಲೂ ಮೂರರಲ್ಲೊಬ್ಬರು ವಿದೇಶಿಯರು. ಪೌರತ್ವ ಬೇಕೆಂದರೆ ಹತ್ತು ವರ್ಷ ನೆಲೆಸಿದ ಮೇಲೂ ಊರಿನ ಪೌರರ ಮತದಾನದಲ್ಲಿ ಗೆಲ್ಲಬೇಕು. ಅದು ಬೇಡವೆಂದರೆ ಮೂವತ್ತು ವರ್ಷ ಕಾಯಬೇಕು. ಅನೇಕ ಊರುಗಳ ಕಾಡು, ಬೆಟ್ಟದ ಹುಲ್ಲುಗಾವಲುಗಳು ಹಳೆಯ ಪೌರ ಮನೆತನಗಳ ಸಹಕಾರ ಸಂಘಗಳ ಕೈಯಲ್ಲಿವೆ. ಹೀಗಾಗಿ ಇಲ್ಲಿಯ ಹಳಬರೊಬ್ಬರು ‘ನನಗಿಷ್ಟವಾದ ಜಾಗ’ ಎಂದು ಕೈ ತೋರಿಸಿದ ಕಡೆ ನೋಡಿದರೆ, ಬಹುಮಟ್ಟಿಗೆ ಅಲ್ಲೊಂದು ಪಾಲು ಇರುತ್ತದೆ. ಅಜ್ಜ ಅಲ್ಲಿ ದನ ಕಾದಿರುತ್ತಾನೆ, ಇಲ್ಲವೇ ಮಣ್ಣು ಹೊತ್ತಿರುತ್ತಾನೆ. ಚೆಲುವು ಎರಡನೆಯ ಮಾತು.

ಅರಮನೆಯನ್ನೇ ತೆಗೆದುಕೊಳ್ಳಿ. ವಿಯೆನ್ನಾದಲ್ಲಿದ್ದ ಲಿಕ್ಟೆನ್‌ಸ್ಟೈನ್ ಮನೆತನದವರು 1699ರಲ್ಲಿ ಶೆಲೆನ್‌ಬರ್ಗ್ ಸೀಮೆಯನ್ನೂ 1712ರಲ್ಲಿ ವಾಡುಜ್ ಸೀಮೆಯನ್ನೂ ಕೊಂಡುಕೊಂಡರು. ಊರು ನೋಡಿ ಮೆಚ್ಚಿ ಕೊಂಡದ್ದೇನಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದ ಸಭೆಯಲ್ಲಿ ಕೂರುವುದಕ್ಕೆ ಅಂಥದೊಂದು ನೆಲ ಹೆಸರಿನಲ್ಲಿರಬೇಕಿತ್ತು. 1719ರಲ್ಲಿ ಎರಡೂ ಸೇರಿ ಸಂಸ್ಥಾನವಾಯಿತು. ಆಳುವ ದೊರೆಯೊಬ್ಬ ತನ್ನ ಹೆಸರಿನ ಈ ದೇಶಕ್ಕೆ ಮೊದಲು ಕಾಲಿಟ್ಟದ್ದು 1842ರಲ್ಲಿ. ಇಲ್ಲೇ ಬಂದು ನೆಲೆಸಿದ್ದು 1938ರಲ್ಲಿ. ಇವತ್ತಿಗೂ ಅರಮನೆ ರಾಜಮನೆತನದ ವಾಸದ ಮನೆ, ಒಳಗೆ ಪ್ರವೇಶವಿಲ್ಲ. ಆದರೆ ಆಗಸ್ಟ್ 15ರಂದು, ಹೌದು, ಅವರ ರಾಷ್ಟ್ರೀಯ ದಿನವೂ ನಮ್ಮ ಸ್ವಾತಂತ್ರ್ಯ ದಿನದಂದೇ, ಅರಮನೆ ಪಕ್ಕದ ಹುಲ್ಲುಗಾವಲಿನಲ್ಲಿ ಜನ ಸೇರುತ್ತಾರೆ. ಯುವರಾಜನ ಭಾಷಣ ಮುಗಿದ ಮೇಲೆ ಅರಮನೆಯ ತೋಟದಲ್ಲಿ ಎಲ್ಲರಿಗೂ ಪಾನೋಪಚಾರ. ಊರವರಿಗೆ ಅರಮನೆಯೆಂದರೆ ಆ ಒಂದು ದಿನ. ಮಿಕ್ಕ ದಿನಗಳಲ್ಲಿ ಅದು ಪೋಸ್ಟ್‌ಕಾರ್ಡಿನವರಿಗೆ ಸೇರಿದ್ದು.

ರೈನ್ ನದಿಯ ಮಾತು ಬೇರೆ. ವಾಡುಜ್‌ನ ಅಂಚಿನಲ್ಲಿ, ಸ್ವಿಸ್ ದಡದ ಸೆವೆಲೆನ್‌ಗೆ ಹೋಗಲು ಮರದ ಹಳೆ ಸೇತುವೆಯೊಂದಿದೆ. ಈಗಿನ ರೂಪ ಪಡೆದದ್ದು 1901ರಲ್ಲಿ, ಉದ್ದ 135 ಮೀಟರ್. ಗೋಡೆ, ಮಾಡು ಎಲ್ಲ ಮರದ್ದೇ ಆದ್ದರಿಂದ ಹೊರಗಿನಿಂದ ನೋಡಿದರೆ ನದಿಯ ಮೇಲೆ ಉದ್ದನೆಯ ಕೊಟ್ಟಿಗೆ ಕಟ್ಟಿಟ್ಟಂತಿದೆ. ಒಳಗೆ ಹೊಕ್ಕರೆ ಅರೆಗತ್ತಲು. ಅಡ್ಡಡ್ಡ ಓರೆಯಾಗಿ ಹೆಣೆದ ದಪ್ಪ ತೊಲೆಗಳು, ಸೈಕಲ್ ಹಾದಾಗ ಕಾಲಡಿಯ ಹಲಗೆಗಳ ಸದ್ದು. ನಡುಮಧ್ಯೆ ಗಡಿಗೆರೆ, ನಿಂತು ಒಂದೊಂದು ಕಾಲು ಒಂದೊಂದು ದೇಶದಲ್ಲಿಡಬಹುದು. ಹಿಂದೆ ಆಲ್ಪ್ಸ್ ಸೀಮೆಯ ರೈನ್ ಉದ್ದಕ್ಕೂ ಇಂಥ ಮರದ ಸೇತುವೆಗಳಿದ್ದವು, ಉಳಿದದ್ದು ಇದೊಂದೇ. ಈಗ ಅಲ್ಲಿ ನಡೆಯುವವರಿಗೆ, ಸೈಕಲ್ ಸವಾರರಿಗೆ ಮಾತ್ರ ದಾರಿ.

ಸೇತುವೆಯ ಈಚೆ ದಡದಲ್ಲಿ ಜನ ನದಿಯ ಏರಿಯ ಮೇಲೆ ನಡೆಯುತ್ತಾರೆ. ನಾಯಿ ಕರೆದುಕೊಂಡು ಬರುವವರು, ಓಡುವವರು, ಮಗುವಿನ ಗಾಡಿ ತಳ್ಳುವವರು. ನೋಡಿದರೆ ಸಂಜೆ ಹವಾ ತಿನ್ನುವ ಸಾಮಾನ್ಯ ಜಾಗ. ಆದರೆ ಆ ಏರಿ ಕಟ್ಟಿ ಉಳಿಸಿಕೊಳ್ಳುವುದು ಈ ನಾಡಿನ ಬಹುದೊಡ್ಡ ಚಿಂತೆಯಾಗಿತ್ತು. ಮೇಲಿನ ಬೆಟ್ಟಗಳಿಂದ ನದಿ ಜಲ್ಲಿಕಲ್ಲನ್ನು ತಂದು ಸುರಿಯುತ್ತದೆ. ಎರಡು ಏರಿಗಳ ನಡುವೆ ಅದನ್ನು ನೇರವಾಗಿ ಹರಿಸಿದ ಮೇಲೆ ಆ ಕಲ್ಲು ಹರಡಿಕೊಳ್ಳಲು ಜಾಗವಿಲ್ಲದೆ ಪಾತ್ರವೇ ಏರುತ್ತ ಹೋಯಿತು; ಅದರೊಂದಿಗೆ ಏರಿಯನ್ನೂ ಎತ್ತರಿಸಬೇಕಾಯಿತು. 1927ರ ಸೆಪ್ಟೆಂಬರ್ 25ರಂದು ಶಾನ್ ಬಳಿಯ ರೈಲು ಸೇತುವೆಯ ಹತ್ತಿರ ಏರಿ ಒಡೆಯಿತು. ನೀರು ಕೆಳನಾಡನ್ನೆಲ್ಲ ತುಂಬಿ ದೇಶದ ಉತ್ತರ ತುದಿಯ ರುಗ್ಗೆಲ್‌ವರೆಗೆ ಹರಡಿತು. ಹೊಲಗಳ ಮೇಲೆ ಮರಳು, ಜಲ್ಲಿ. ಆ ಪ್ರವಾಹದ ನಂತರ, 1931ರಿಂದ 1943ರವರೆಗೆ, ಬೆಟ್ಟದ ಹಳ್ಳಗಳ ನೀರನ್ನೆಲ್ಲ ಕೂಡಿಸಿ ನದಿಗೆ ಸಮಾನಾಂತರವಾಗಿ ಒಯ್ಯುವ ಕಾಲುವೆ ತೋಡಿದರು. ಕೆಲಸವಿಲ್ಲದ ಕಾಲ; ಸನಿಕೆ ಹಿಡಿದವರಿಗೆ ಕೂಲಿಯೂ ಆಯಿತು. ಇವತ್ತು ಕಾಲುವೆ ದಂಡೆಯ ಮೇಲೆ ಸೈಕಲ್ ತುಳಿಯುವವರಲ್ಲಿ ಆ ಸನಿಕೆ ಹಿಡಿದವರ ಮೊಮ್ಮಕ್ಕಳಿದ್ದಾರೆ.

ಕಾಲುವೆ ಮುಗಿಯುವ ಕಡೆ ರುಗ್ಗೆಲ್‌ನ ಜೌಗು ಇದೆ, ಇಡೀ ದೇಶದಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ. ಹಿಂದೆ ಒಲೆಗೆ ಸೌದೆಯ ಬದಲು ಇಲ್ಲಿನ ಕಪ್ಪು ಜೌಗುಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಉರಿಸುತ್ತಿದ್ದರು. ಈಗ ರಕ್ಷಿತ ಪ್ರದೇಶ. ಮೇ ಕೊನೆಯ ಹೊತ್ತಿಗೆ ನೀಲಿ ಐರಿಸ್ ಹೂ ಬಿಟ್ಟಾಗ ನೋಡಬೇಕು. ಬೇರೆ ತಿಂಗಳು ಹೋದವರಿಗೆ ಕಾಣುವುದು ಹುಲ್ಲು.

ಇನ್ನು ಮೇಲುನಾಡು. ನನ್ನ ಮಟ್ಟಿಗೆ ಈ ದೇಶದ ಗುಟ್ಟೆಲ್ಲ ಇರುವುದು ಟ್ರೀಸೆನ್‌ಬರ್ಗ್ ಎಂಬ ಇಳಿಜಾರಿನ ಊರಿನಲ್ಲಿ. ಸುಮಾರು 1300ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ವ್ಯಾಲೆ ಕಣಿವೆಯಿಂದ ವಲಸೆ ಬಂದ ವಾಲ್ಸರ್ ಜನ ನೆಲೆಸಿದ ಊರು. ಕೆಳಗಿನ ಹಸನಾದ ನೆಲವನ್ನು ಬೇರೆಯವರು ಹಿಡಿದಾಗಿತ್ತು, ಇವರಿಗೆ ಸಿಕ್ಕಿದ್ದು ಕಡಿದಾದ ಬೆಟ್ಟ. ಒತ್ತೊತ್ತಾಗಿ ಊರು ಕಟ್ಟದೆ ಒಬ್ಬೊಬ್ಬರು ಒಂದೊಂದು ದಿಬ್ಬದ ಮೇಲೆ, ತಮ್ಮ ಹುಲ್ಲಿನ ಮಧ್ಯೆ ಮನೆ ಮಾಡಿಕೊಂಡರು. ಮಲೆನಾಡಿನ ಒಂಟಿಮನೆಗಳನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅವರ ನುಡಿ ಕೆಳಗಿನ ಕಣಿವೆಯವರ ನುಡಿಗಿಂತ ಇವತ್ತಿಗೂ ಬೇರೆ.

ಬೆಟ್ಟದ ಆಚೆ ಮಗ್ಗುಲಿಗೆ 1867ರಲ್ಲಿ ಒಂದು ಚಿಕ್ಕ ಸುರಂಗ ಕೊರೆದರು. ಅದು ದನಗಳ ದಾರಿಯೂ ಆಗಿತ್ತು. 1947ರಲ್ಲಿ ದೊಡ್ಡ ಸುರಂಗ ಬಂದ ಮೇಲೆ ಬಸ್ಸು, ಕಾರು. ಸುರಂಗದಾಚೆ ಸಿಗುವುದು ಸ್ಟೆಗ್. ಬೇಸಗೆಗೆ ದನಗಳನ್ನು ಎತ್ತರದ ಗೋಮಾಳಕ್ಕೆ ಹೊಡೆಯುವ ಮುನ್ನ, ಇಳಿಸುವಾಗ ಮತ್ತೊಮ್ಮೆ, ಕೆಲವು ವಾರ ತಂಗುವ ಜಾಗವದು. ಅಲ್ಲಿ ಗುಡಿಸಲು, ಕೊಟ್ಟಿಗೆಗಳನ್ನು ಸಾಲಾಗಿ, ನಡುವಿನ ಹುಲ್ಲುಗಾವಲನ್ನು ಸುತ್ತುವರಿಯುವಂತೆ ಕಟ್ಟಿದ್ದಾರೆ. ಇವತ್ತು ಅನೇಕ ಗುಡಿಸಲುಗಳು ಮನೆಮಂದಿಯ ರಜಾಮನೆಗಳು. ಬೇಸಗೆಯ ಶನಿವಾರ ವಾಡುಜ್‌ನ ಗುಮಾಸ್ತ ಎಲ್ಲಿ ಹೋದ ಎಂದರೆ ಅಜ್ಜಿಯ ಗುಡಿಸಲಿನ ಮುಂದೆ ಕಟ್ಟಿಗೆ ಒಡೆಯುತ್ತಿರುತ್ತಾನೆ. ಟೂರಿಸ್ಟ್ ಬಸ್ಸಿಗೆ ಇಲ್ಲಿ ನಿಲುಗಡೆ ಇಲ್ಲ. ಮಾರುವುದಕ್ಕೆ ಏನೂ ಇಲ್ಲವಲ್ಲ.

ಶರತ್ಕಾಲದಲ್ಲಿ ದನಗಳು ಇಳಿಯುವ ದಿನ ಮಾತ್ರ ದಾರಿಯ ಇಕ್ಕೆಲದಲ್ಲೂ ಜನ. ಆ ಬೇಸಗೆ ಹೆಚ್ಚು ಹಾಲು ಕರೆದ ಹಸುಗಳ ತಲೆಗೆ ಬಣ್ಣ ಬಳಿದ ಮರದ ಹೃದಯ ಕಟ್ಟಿ, ಹೂವಿನಿಂದ ಸಿಂಗರಿಸಿ ತರುತ್ತಾರೆ. ಊರಿಗೆ ಬಂದ ಮೇಲೆ ಆ ಹೃದಯ ಕೊಟ್ಟಿಗೆಯ ಬಾಗಿಲ ಮೇಲೆ ಮೊಳೆ ಹೊಡೆಸಿಕೊಂಡು ನಿಲ್ಲುತ್ತದೆ. ಹಳೆಯ ಕೊಟ್ಟಿಗೆಗಳ ಮೇಲೆ ಅಂಥವು ಸಾಲಾಗಿ ಇರುತ್ತವೆ, ಬಿಸಿಲಿಗೆ ಬಣ್ಣ ಮಾಸಿದವು, ಹೊಸವು. ಗೋಡೆಗೆ ಪದವಿಪತ್ರ ತೂಗುಹಾಕುವ ನಮ್ಮವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣಬಾರದು.

ಸ್ಟೆಗ್‌ನಿಂದ ಇನ್ನಷ್ಟು ಮೇಲೆ, 1600 ಮೀಟರ್ ಎತ್ತರದಲ್ಲಿ ಮಾಲ್‌ಬುನ್. ದೇಶದ ಮಕ್ಕಳು ಹಿಮದ ಮೇಲೆ ಮೊದಲು ಬಿದ್ದು ಏಳುವ ಜಾಗ. ಲಿಕ್ಟೆನ್‌ಸ್ಟೈನ್ ಈವರೆಗೆ ಗೆದ್ದ ಹತ್ತು ಒಲಿಂಪಿಕ್ ಪದಕಗಳೂ ಆಲ್ಪೈನ್ ಸ್ಕೀಯಿಂಗ್‌ನವೇ. 1980ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಹನ್ನಿ ವೆನ್ಸೆಲ್ ಒಬ್ಬಳೇ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದಳು. ತಮ್ಮ ಆಂಡ್ರಿಯಾಸ್‌ಗೊಂದು ಬೆಳ್ಳಿ. 2018ರಲ್ಲಿ ಹನ್ನಿಯ ಮಗಳು ಟೀನಾಗೊಂದು ಕಂಚು. ಹನ್ನಿ ಹುಟ್ಟಿದ್ದು ಜರ್ಮನಿಯಲ್ಲಿ, ಕೂಸಾಗಿದ್ದಾಗಲೇ ಇಲ್ಲಿಗೆ ಬಂದವಳು. ಪೌರತ್ವ ಸಿಕ್ಕಿದ್ದು 1974ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದ ಮೇಲೆ! ಪಾಲು ಸಂಪಾದಿಸಿಕೊಳ್ಳುವ ಬಗೆಗಳಲ್ಲಿ ಇದೂ ಒಂದು.

ಶಿಖರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರಗಳಲ್ಲಿ ಅವೇ ಇರುತ್ತವೆ. 1898ರಲ್ಲಿ ಬಂಡೆ ಕಡಿದು ಮಾಡಿದ ‘ದೊರೆಯ ದಾರಿ’ಯಲ್ಲಿ ತಲೆಸುತ್ತು ಬಾರದವರು ಹೋಗಿ ‘ಮೂವರು ಅಕ್ಕತಂಗಿಯರು’ ಎಂಬ ಶಿಖರಗಳನ್ನು ಮುಟ್ಟಬಹುದು. ಹಬ್ಬದ ದಿನ ಹಣ್ಣು ಕೀಳಲು ಹೋಗಿ, ಬೇಡಿದ ಹೆಂಗಸಿಗೆ ಕೊಡದೆ, ಶಾಪಕ್ಕೆ ಕಲ್ಲಾದವರಂತೆ.

ಕೊನೆಗೆ ಶೆಲೆನ್‌ಬರ್ಗ್, ಉತ್ತರದ ಗುಡ್ಡ. ಗಡಿಗೆ ಹತ್ತಿರದ ಹಿಂದಿನ ಕೇರಿಯಲ್ಲಿ 1980ರಲ್ಲಿ ಇಟ್ಟ ಒಂದು ಸ್ಮಾರಕಶಿಲೆ ಇದೆ. 1945ರ ಮೇ 2ರ ರಾತ್ರಿ ಜನರಲ್ ಹೋಲ್ಮ್‌ಸ್ಟನ್ ಸ್ಮಿಸ್ಲೋವ್ಸ್ಕಿಯ ಹಿಂದೆ ಸುಮಾರು 500 ಜನ ರಷ್ಯನ್ನರು ಇಲ್ಲಿ ಗಡಿ ದಾಟಿ ಬಂದರು. ಜರ್ಮನ್ ಸೈನ್ಯದ ಪರವಾಗಿ ಸೋವಿಯತ್ತಿನ ವಿರುದ್ಧ ಕಾದವರು, ಮುಗ್ಧರೆನ್ನುವಂತಿಲ್ಲ. ಅಂಥವರನ್ನು ಯುದ್ಧ ಗೆದ್ದ ದೊಡ್ಡ ದೇಶಗಳೇ ಸ್ಟಾಲಿನ್ ಕೈಗೆ ಬಲವಂತವಾಗಿ ಒಪ್ಪಿಸುತ್ತಿದ್ದ ಹೊತ್ತು. ಆಗ ಹನ್ನೆರಡು ಸಾವಿರದಷ್ಟೇ ಜನರಿದ್ದ, ಸೈನ್ಯವಿಲ್ಲದ ಈ ನಾಡು ಒತ್ತಾಯದಿಂದ ಯಾರನ್ನೂ ಕಳಿಸುವುದಿಲ್ಲ ಎಂದು ನಿಂತಿತು. ಕೆಲವರು ತಾವಾಗಿಯೇ ಮರಳಿದರು. ಉಳಿದ ಹಲವರು 1947ರಲ್ಲಿ ಅರ್ಜೆಂಟೀನಾಕ್ಕೆ ಹೋದರು. ಶೆಲೆನ್‌ಬರ್ಗಿನವರು ಅತಿಥಿಗಳನ್ನು ಈ ಕಲ್ಲಿನ ಮುಂದೆ ತಂದು ನಿಲ್ಲಿಸಿದರೆ ಅದರಲ್ಲಿ ಹೆಮ್ಮೆಯಿದೆ, ಅದು ನ್ಯಾಯವೂ ಹೌದು. ಅದೇ ಯುದ್ಧದ ಕಾಲದಲ್ಲಿ ಇದೇ ನಾಡಿನ ಗಡಿಗೆ ಬಂದ ಯಹೂದಿಗಳಲ್ಲಿ ಕೆಲವರಿಗೆ ಬಾಗಿಲು ತೆರೆಯಿತು, ಕೆಲವರನ್ನು ಹಿಂದಕ್ಕೆ ಅಟ್ಟಲಾಯಿತು. ದೇಶವೇ ನೇಮಿಸಿದ ಇತಿಹಾಸಕಾರರ ಆಯೋಗ 2005ರಲ್ಲಿ ಅದನ್ನೂ ಬರೆದಿಟ್ಟಿದೆ. ಶೆಲೆನ್‌ಬರ್ಗಿನ ಕಲ್ಲು ಹೇಳುವುದು ಒಳಗೆ ಬಂದವರ ವಿಷಯ. ಹಿಂದಕ್ಕೆ ಅಟ್ಟಿಸಿಕೊಂಡವರಿಗಾಗಿ ಆ ವರದಿಯ ಪುಟ ತಿರುಗಿಸಬೇಕು.